ಕೊಯ್ದು ಹಾಕಿದ ಲಿವರ್

ಆ ಗಾಡಿಯ ಲಿವರನ್ನು ಕೊಯ್ದು ಹಾಕಿದವರು ಕೊಲೆಗಾರರು. ಎರಡು ಮಾತಿಲ್ಲ.

ಉತ್ತರ ಧ್ರುವದ ಕಡೆಯ ಫಿನ್‌ಮಾರ್ಕಿನ ಬೆಟ್ಟಗಳಲ್ಲಿ ಕರೆಂಟು ಲೈನಿನ ಕೆಲಸಕ್ಕೆಂದು ಕಂಪನಿ ಒಂದು ಹಳೆಯ ಮಿಲಿಟರಿ ಹಿಮಗಾಡಿ ತಂದಿತು. ಅದರ ಬೆನ್ನಿಗೆ ಉದ್ದನೆಯ ಕಬ್ಬಿಣದ ತೋಳು, ತೋಳಿನ ತುದಿಗೆ ಆಳು ನಿಲ್ಲುವ ಬುಟ್ಟಿ ಕೂರಿಸಿದರು. ಬುಟ್ಟಿಯಲ್ಲಿ ಒಬ್ಬ, ನೆಲದಲ್ಲಿ ಒಬ್ಬ, ಹಿಂದಿನಿಂದಲೂ ಹಾಗೇ. ಎಂಜಿನ್ ಕೆಟ್ಟರೂ ಸರಿಯೇ, ಕೆಳಗಿನವನು ತೋಳಿನ ಬುಡದ ಹಿಡಿಕೆ, ಅಂದರೆ ಲಿವರ್, ಎಳೆದರೆ ಪೈಪಿನಲ್ಲಿ ಎಣ್ಣೆ ಹರಿದು ಬುಟ್ಟಿ ಇಳಿಯುತ್ತದೆ. ಕಂಪನಿ ಕೆಳಗಿನವನನ್ನು ತೆಗೆದುಹಾಕಿತು. ಆಳೇ ಇಲ್ಲದ ಮೇಲೆ ಲಿವರ್ ಯಾಕೆ ಎಂದು ಅದನ್ನೂ ಕೊಯ್ದು, ಪೈಪು ಮುಚ್ಚಿ, ಮೇಲೊಂದು ತಗಡು ಬೆಸೆಯಿತು. ಬದುಕಿಡೀ ಕೆಳಗಿನವನಾಗಿದ್ದ ಎಯ್ಲಿಫ್‌ನನ್ನು ಒಂಟಿಯಾಗಿ ಮೇಲಕ್ಕೆ ಕಳಿಸಿತು. ಎಂಜಿನ್ ನಿಂತಿತು. ಅವನು ಬುಟ್ಟಿಯಲ್ಲೇ ಹೆಪ್ಪುಗಟ್ಟಿ ಸತ್ತ.

ಮುಂದಿನ ಚಳಿಗಾಲ ಅದೇ ಗಾಡಿ ನನ್ನ ದೊಡ್ಡಪ್ಪನ ಮಗ ಟೋರ್ಗ್ರಿಮ್‌ನ ಪಾಲಿಗೆ ಬಂತು.

ಡಿಸೆಂಬರ್. ಆಗ ಅಲ್ಲಿ ಮಧ್ಯಾಹ್ನವೇ ಕತ್ತಲು. ಮನೆಗೆ ಹೊರಟವನಿಗೆ, ಹೆಪ್ಪುಗಟ್ಟಿದ ಕೆರೆಯಾಚೆ, ಗಾಡಿಯ ದೀಪದ ಬೆಳಕಿಗೆ ತಂತಿ ಜೋತುಬಿದ್ದದ್ದು ಕಂಡಿತು. ಅಲ್ಲಿಗೆ ಗಾಡಿ ಓಡಿಸಿ, ಬುಟ್ಟಿಯಲ್ಲಿ ನಿಂತು ಮೇಲೇರಿದ. ಕೆಳಗೆ ಎಂಜಿನ್ ಕೆಮ್ಮಿತು... ಗಕ್. ಗಕ್. ನಿಂತಿತು.

ಬುಟ್ಟಿ ಅಲ್ಲಾಡಲಿಲ್ಲ.

ಇಳಿಯುವ ಹಗ್ಗ ಇಟ್ಟುಕೊಳ್ಳುವುದು, ಕೂಗಿದಾಗ ಮೇಲಕ್ಕೆ ಎಸೆಯುವುದು ಯಾವತ್ತೂ ಕೆಳಗಿನವನ ಕೆಲಸ. ಆ ಅಭ್ಯಾಸಬಲದಿಂದ ಟೋರ್ಗ್ರಿಮ್ ಹಗ್ಗವನ್ನು ಗಾಡಿಯೊಳಗೇ ಬಿಟ್ಟಿದ್ದ.

ಸೊಂಟದ ರೇಡಿಯೋದಲ್ಲಿ ಕರೆದರೆ ಆಫೀಸಿನ ಗುನ್‌ವೋರ್ ನಕ್ಕಳು. "ಏನೋ ಮಾರಾಯ, ಕಾಗೆ ಥರ ಅಲ್ಲೇ ಗೂಡು ಕಟ್ಟಿದ್ಯಾ?"

"ನಗಬೇಡ ಕಣೇ. ಕೈ ಮರಗಟ್ಟಿದೆ."

ಅವಳ ದನಿ ಇಳಿಯಿತು. "ಬಿರುಗಾಳಿಗೆ ರಸ್ತೆ ಮುಚ್ಚಿದಾರೆ. ಬೆಳಗಾಗೋ ತನಕ ಯಾರೂ ಬರೋಕಾಗಲ್ಲ. ನಿದ್ದೆ ಮಾತ್ರ ಮಾಡಬೇಡ ಕಣೋ... ಕೇಳಿಸ್ತಾ?"

ಆಮೇಲೆ ಬರೀ ಗರಗರ. ಆಮೇಲೆ ಅದೂ ಇಲ್ಲ.

ತಂತಿಯ ಮೇಲೆ ಗಾಳಿ ಸುಂಯ್ ಎನ್ನುತ್ತಿತ್ತು. ಕಣ್ಣು ಹಾಯುವಷ್ಟು ದೂರ ಒಂದು ದೀಪವಿಲ್ಲ. ಹೆಂಡತಿಯನ್ನು ಕೂಗಿದ. ಸತ್ತ ಅವ್ವನನ್ನು ಕೂಗಿದ. ಗಾಳಿ ಹೊತ್ತುಕೊಂಡು ಹೋಯಿತು. ಬರಬರುತ್ತಾ ಚಳಿಯೇ ಗೊತ್ತಾಗಲಿಲ್ಲ; ಮೈ ಬೆಚ್ಚಗಾಗತೊಡಗಿತು. ಸಾವು ಬರುವುದೇ ಹಾಗೆ ಎಂದು ಅವನಿಗೆ ಗೊತ್ತಿತ್ತು. ಕಣ್ಣು ಮುಚ್ಚಿದ.

ಟಣ್... ಟಣ್.

ತೋಳಿಗೆ ಸ್ಪ್ಯಾನರ್ ಬಡಿದ ಸದ್ದು. ಇಳಿಸುವ ಮುಂಚೆ ಕೆಳಗಿನವನು ಕೊಡುವ ಎಚ್ಚರಿಕೆ ಅದು.

"ಯಾರದು?" ಟೋರ್ಗ್ರಿಮ್ ಪಿಸುಗುಟ್ಟಿದ.

"ಕೈ ಒಳಗಿಟ್ಕೊಳ್ಳೋ, ದಡ್ಡ," ಅಂತು ಕೆಳಗಿನ ಕತ್ತಲು.

"ಎಯ್ಲಿಫಣ್ಣ... ನೀನಾ?"

ಸ್ಪ್ಯಾನರ್ ಕಬ್ಬಿಣದ ಮೇಲೆ ಇಟ್ಟದ್ದು ಕೇಳಿಸಿತು.

"ನಂಗೆ ಯಾರೂ ಬರ್ಲಿಲ್ಲ ಕಣೋ."

ಸ್ಸ್ಸ್... ಪೈಪಿನಲ್ಲಿ ಎಣ್ಣೆ ಹರಿದ ಸದ್ದು. ಬುಟ್ಟಿ ಮೆಲ್ಲಗೆ ನೆಲ ಮುಟ್ಟಿತು. ಸುತ್ತ ಬರೀ ಹಿಮ. ಗಾಡಿಯೊಳಗೆ ತೆವಳಿ, ಒಲೆ ಹಚ್ಚಿ, ಬದುಕಿದ.

ಮಾರನೆಯ ದಿನ ವರ್ಕ್‌ಶಾಪಿನವರು ನೋಡಿದರು. ಪೈಪು ಮುಚ್ಚಿದ ಹಾಗೇ ಇದೆ. ಬೆಸುಗೆ ಬಿಟ್ಟಿಲ್ಲ. ಆದರೆ ಗಾಡಿಯ ತುಂಬ ಹಿಮ ಕೂತಿದ್ದರೂ ಆ ತಗಡಿನ ಮೇಲೆ ಮಾತ್ರ ಒಂದು ಅಂಗೈ ಅಗಲ ಕರಗಿತ್ತು. ನಡೆದದ್ದು ಇದು. ನಾನೇ ಹೋಗಿ ಮುಟ್ಟಿ ನೋಡಿದ್ದೇನೆ.

ಸತ್ತವನು ಇನ್ನೆಷ್ಟು ದಿನ ಕಂಪನಿಗೆ ದುಡಿಯಬೇಕು? ನಿಮ್ಮ ಬೀದಿಗೆ ಲೈನಿನ ಗಾಡಿ ಬಂದರೆ ಹತ್ತಿರ ಹೋಗಿ. ತೋಳಿನ ಬುಡ ನೋಡಿ. ಅಲ್ಲಿ ಲಿವರಿಲ್ಲವೇ, ಅದರ ಪಕ್ಕ ಜೀವಂತ ಆಳಿಲ್ಲವೇ... ಬುಟ್ಟಿ ಹತ್ತುವವನ ರಟ್ಟೆ ಹಿಡಿದು ನಿಲ್ಲಿಸಿ.