ಮನೆ ಊಟ ಅಂದುಬಿಟ್ಟರು

ಔಷಧಿ ಕೌಂಟರಿನ ಸಾಲು ಮುಂದಕ್ಕೆ ಹೋಗುವ ಲಕ್ಷಣವೇ ಇರಲಿಲ್ಲ. ಮಂಡಿನೋವಿನ ಮಾತ್ರೆಗೆ ಬಂದಿದ್ದ ದರ್ಜಿ ಗೋಡೆಗೊರಗಿ ನಿಂತಿದ್ದ. ಅವನ ಮುಂದೆ ಇಬ್ಬರು ಹೆಂಗಸರು. ಒಬ್ಬಳ ಗಂಡ ವಾಂತಿಭೇದಿಯಾಗಿ ಒಳಗೆ ಮಲಗಿದ್ದ. ಇನ್ನೊಬ್ಬಳು ಆ ಗಂಡ ದಿನಾ ತಿನ್ನುತ್ತಿದ್ದ ತಿಂಡಿಗಾಡಿಯ ಒಡತಿ, ನೋಡಿಕೊಂಡು ಹೋಗಲು ಬಂದಿದ್ದಳು.

“ಡಾಕ್ಟ್ರು ಏನಂದ್ರಕ್ಕ?”

“ಎಲ್ಲಿ ತಿಂದ್ರಿ ಅಂತ ಕೇಳಿದ್ರು. ಇವರು ಮನೆ ಊಟ ಅಂದ್ಬಿಟ್ರು.”

“ನನ್ನ ಗಾಡೀದು ಹೇಳ್ಲಿಲ್ವಾ?”

“ನಿನ್ನ ಹೊಟ್ಟೆ ಮೇಲೆ ಹೊಡೀಬಾರ್ದಂತೆ. ಕೈ ಹೇಗೆ ತೊಳ್ಕೋಬೇಕು ಅಂತ ನರ್ಸಮ್ಮ ನನಗೆ ಪಾಠ ಮಾಡಿದ್ಲು. ತಲೆಯಾಡಿಸಿದೆ.”

ಗಾಡಿಯವಳು ಅವಳ ಹತ್ತಿರ ಸರಿದಳು.

“ಅವತ್ತು ನಲ್ಲೀಲಿ ನೀರು ಬರ್ಲಿಲ್ಲಕ್ಕ. ಒಂದೇ ಬಕೆಟ್ಟಲ್ಲಿ ಸಂಜೆವರೆಗೂ ತಟ್ಟೆ ಅದ್ದಿ ಅದ್ದಿ ಕೊಟ್ಟೆ. ನೀರು ಕಲಗಚ್ಚಾಗಿದ್ದು ಕಾಣ್ತಿತ್ತು.”

“ಮುಚ್ಕೊಂಡು ಹೋಗ್ಬೇಕಿತ್ತು.”

“ಹೋಗ್ಬೇಕಿತ್ತು. ಜನ ನಿಂತಿದ್ರು.”

“ನಮ್ಮತ್ತೆ ನಿನ್ನೆಯಿಂದ ನನ್ನ ಕೈಯಡುಗೆ ಮುಟ್ಟಿಲ್ಲ.”

“ನಿಮ್ಮೋರ ಪಕ್ಕದ ಮಂಚದ ತಾತನೂ ನನ್ನ ಗಿರಾಕೀನೇ ಅಕ್ಕ. ಅವರು ಡಾಕ್ಟ್ರಿಗೇನಂದ್ರು?”

“ಅವರಿಗೆ ಮಾತಾಡೋ ಶಕ್ತಿ ಎಲ್ಲಿದೆ?”

ಗಾಡಿಯವಳು ಸೋತ ಕಣ್ಣುಗಳನ್ನು ಒತ್ತಿಕೊಂಡಳು.

“ಡಾಕ್ಟ್ರು ಎಲ್ಲಿ ಕೂತಿರ್ತಾರೆ?”

“ಹೇಳಿದ್ರೆ ಮುನ್ಸಿಪಾಲ್ಟಿಯೋರು ಗಾಡಿ ಎತ್ಕೊಂಡು ಹೋಗ್ತಾರೆ ಕಣೆ.”

“ಗೊತ್ತು. ಒಬ್ಳೇ ಹೋದ್ರೆ ಬಾಯಿ ಬರಲ್ಲ, ನೀವೂ ಬನ್ನಿ.”

ಹೆಂಡತಿ ಸಾಲಿನ ಉದ್ದ ನೋಡಿದಳು, ನಿಟ್ಟುಸಿರಿಟ್ಟಳು, ಔಷಧಿ ಚೀಟಿ ಮಡಚಿಕೊಂಡು ಅವಳ ಜೊತೆ ಮೆಟ್ಟಿಲು ಹತ್ತಿದಳು.

ಹಿಂದಿನವರು ದರ್ಜಿಯನ್ನು ಮುಂದಕ್ಕೆ ತಳ್ಳಿದರು. ಅವನು ಕದಲಲಿಲ್ಲ.

“ಇಲ್ಲಿ ನಿಂತಿದ್ದೋರು ವಾಪಸ್ ಬರ್ತಾರೆ, ಇರಿ,” ಎಂದ.