ಟಚಪ್ ಬರೆದ ಕಾಲು

ನಗೋರು ನಗಿ, ಆದರೆ ಇದು ನಡೆದದ್ದು. ನಮ್ಮ ದೊಡ್ಡಮ್ಮನ ಮಗನಿಗೇ ಆದದ್ದು. ಹಳೆ ಫೋಟೋಗಳನ್ನು ಕುಂಚದಲ್ಲಿ ತಿದ್ದಿಕೊಡುವ ಕೆಲಸ ಅವನದು. ಊರಿಗೆಲ್ಲ ಅವನು ‘ಟಚಪ್’. ದೇವರು ಮಾಡಿದ ತಪ್ಪನ್ನೂ ತಾನೇ ಸರಿಮಾಡಬೇಕು ಅನ್ನೋ ಜಂಬದ ಮನುಷ್ಯ.

ಆ ರಾತ್ರಿ ಅಂಗಡಿಗೆ ಬೀಗ ಜಡಿದು, ಬಗಲಲ್ಲಿ ಒಂದು ಫೋಟೋ ಸಿಕ್ಕಿಸಿಕೊಂಡು, ಹಳೆ ಬಾವಿಯ ದಾರಿ ಹಿಡಿದು ಮನೆಗೆ ಹೊರಟಿದ್ದ. ಹೆಂಡತಿಗೆ ತೋರಿಸಿ ಹೊಗಳಿಸಿಕೊಳ್ಳಬೇಕಿತ್ತಲ್ಲ!

ಫೋಟೋ ಕೊಟ್ಟವಳು ಒಬ್ಬ ಅಜ್ಜಿ. ಅದರಲ್ಲಿದ್ದವರು ಅವಳ ತಾತ, ಕಲ್ಲಿನ ಕ್ವಾರಿಯಲ್ಲಿ ಬಲಗಾಲು ಕಳಕೊಂಡವರು. ಅವರ ನೆನಪಿಗೆ ಉಳಿದದ್ದು ಅದೊಂದೇ ಚಿತ್ರ. ಮೋಟುಗಾಲನ್ನೇ ಮುಂದೆ ಮಾಡಿ ಕೂತಿದ್ದಾರೆ. ಕಿಟಕಿಯ ಬೆಳಕೆಲ್ಲ ಅದರ ಮೇಲೆ, ಮುಖ ಅರ್ಧ ನೆರಳಲ್ಲಿ. ಊರುಗೋಲು ತೊಡೆಯ ಮೇಲೆ ಅಡ್ಡ. ನೆಲದ ಮೂಲೆಯಲ್ಲಿ ಒಂದು ಶಾಲು ಬಿದ್ದಿದೆ.

“ಕಾಲು ಮುಚ್ಕೊಳಿ ಅಂತ ಫೋಟೋದವನು ಕೊಟ್ಟ ಶಾಲು ಅದು. ತಾತ ಬಿಸಾಕಿದ್ರಂತೆ. ಫೋಟೋ ಮೇಲಿನ ಕಲೆ ಮಾತ್ರ ತೆಗಿಯಪ್ಪಾ, ಬೇರೇನೂ ಮುಟ್ಟಬೇಡ,” ಅಂದಿದ್ದಳು ಅಜ್ಜಿ.

ಈ ಮಹಾನುಭಾವ ಕೇಳಿದನೆ? ತನ್ನ ಮದುವೆಯ ಬೂಟನ್ನು ಬಲಗಾಲಿಗೆ ಏರಿಸಿ, ಕಾಲು ಚಾಚಿ ಕೂತು, ಅದನ್ನೇ ನೋಡಿ ನೋಡಿ ತಾತನಿಗೊಂದು ಕಾಲು ಬರೆದ. ನಕಲಿನ ಮೇಲಲ್ಲ, ಅಸಲಿನ ಮೇಲೇ! ಒರೆಸಹೋದರೆ ಕಾಗದವೇ ಕಿತ್ತು ಬರುವಂಥ ಬಣ್ಣ. ಶಾಲು ಅವನ ಕಣ್ಣಿಗೆ ಬರೀ ಕಸ, ಅದನ್ನೂ ಮುಚ್ಚಿಹಾಕಿದ.

ಬಾವಿ ಹತ್ತಿರ ಬಂತು. ನೀರು ಚೆಲ್ಲಿ ಚೆಲ್ಲಿ ಅಲ್ಲಿ ಸದಾ ಕೆಸರು.

ಟಕ್... ಪಚಕ್. ಟಕ್... ಪಚಕ್.

ಕೋಲು ಕಲ್ಲಿನ ಮೇಲೆ, ಕಾಲು ಕೆಸರಲ್ಲಿ. ಇವನು ನಿಂತರೆ ಅದೂ ನಿಂತಿತು. ಲೋಕವನ್ನೇ ತಿದ್ದುವ ಧೀರನಿಗೆ ಹಿಂದೆ ನೋಡಲು ಕತ್ತೇ ತಿರುಗಲಿಲ್ಲ.

ಕಿವಿಯ ಪಕ್ಕದಲ್ಲೇ ಪಿಸುಮಾತು... “ಕಾಲು ಯಾರದು?”

“ನ... ನಂದು.”

“ನಿಂದು ನಂಗ್ಯಾಕೋ? ತಗೊಂಡ್ ಹೋಗು.”

ಹೇಗೆ ಮನೆ ಸೇರಿದನೋ! ಚಪ್ಪಲಿ ಸಮೇತ ಮಂಚ ಹತ್ತಿ ಮುಸುಕೆಳೆದುಕೊಂಡ.

ಬೆಳಗಾಗುತ್ತಲೇ ಅಜ್ಜಿ ಮನೆ ಬಾಗಿಲಿಗೇ ಬಂದಳು. ಇವನು ಫೋಟೋ ತೆಗೆದು ನೋಡಿದರೆ... ಬರೆದ ಕಾಲಿಲ್ಲ. ಅದೇ ಮೋಟುಗಾಲು, ಅದೇ ಬೆಳಕು, ಮೂಲೆಯಲ್ಲಿ ಅದೇ ಶಾಲು. ಕಾಗದಕ್ಕೆ ಒಂದು ಗೀರೂ ಬಿದ್ದಿಲ್ಲ.

“ಹೇಳಿದ ಹಾಗೇ ಮಾಡಿದ್ದೀಯ. ನಿನ್ ಹೊಟ್ಟೆ ತಣ್ಣಗಿರ್ಲಿ,” ಅಂದ ಅಜ್ಜಿಯ ಕಣ್ಣು ತುಂಬಿತ್ತು.

“ನನ್ ಕೆಲ್ಸ ಅಂದ್ರೆ ಹಾಗೇನೇ ಅಜ್ಜಿ,” ಅಂದ ಆ ನಾಚಿಕೆಗೆಟ್ಟವನು.

ಅಷ್ಟರಲ್ಲಿ ಒಳಗಿಂದ ಹೆಂಡತಿ ಕೂಗಿದಳು. “ರೀ, ರಾತ್ರಿ ನಿಮ್ ಜೊತೆ ಯಾರ್ ಬಂದಿದ್ರು?”

ಹೊಸ್ತಿಲಿಂದ ಮಂಚದವರೆಗೆ ಇವನ ಚಪ್ಪಲಿಯ ಕೆಸರು ಗುರುತು. ಅದರ ಪಕ್ಕಕ್ಕೇ ಇನ್ನೊಂದು ಸಾಲು. ಬೂಟಿನದು... ಬರೀ ಬಲಗಾಲಿನದು. ಆ ಮದುವೆಯ ಬೂಟೋ, ಅಂಗಡಿಯಲ್ಲೇ ಬೀಗದೊಳಗಿತ್ತು.

ಸುಳ್ಳಲ್ಲ, ಆ ನೆಲವನ್ನು ನಾನೂ ಕಣ್ಣಾರೆ ನೋಡಿದ್ದೇನೆ. ಬೂಟು ಒಳಗೆ ಹೋದ ಗುರುತಿತ್ತು. ಹೊರಗೆ ಬಂದದ್ದು ಇರಲಿಲ್ಲ.