ಘಮ ಬರುವ ತನಕ

ಕಾಫಿ ಬೀಜದ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಕ್ಕ ತಂಗಿ ಇಬ್ಬರು ನಿಂತಿದ್ದರು. ಅಜ್ಜಿಯ ಕಥೆಗಳಲ್ಲಿ ಕೇಡು ಯಾವಾಗಲೂ ನಗುನಗುತ್ತಲೇ ಮನೆಯೊಳಗೆ ಬರುತ್ತಿತ್ತು. ಇವರೂ ನಗುತ್ತಲೇ ಮಾತು ಶುರುಮಾಡಿದರು.

“ಎರಡೂ ಬೀಜ ಬೇರೆ ಬೇರೆ ಕಟ್ಟಿಸು ಕಣೇ. ಅಮ್ಮ ಒಂದೊಂದೇ ಹುರಿದು ಆಮೇಲೆ ಬೆರೆಸೋದು.”

“ಅದೆಲ್ಲ ಹಳೇ ಕಥೆ ಅಕ್ಕ. ಈಗ ಹಸೀದನ್ನೇ ಬೆರೆಸಿ ಒಂದೇ ಬಾಣಲೆಗೆ ಸುರೀತಾಳೆ.”

“ಅಮ್ಮನಾ? ದೊಡ್ಡದು ಹದಕ್ಕೆ ಬರೋಷ್ಟರಲ್ಲಿ ಸಣ್ಣದು ಸೀದುಹೋಗಲ್ವಾ?”

“ಸೀದೇ ಹೋಯ್ತು. ಮೊನ್ನೆ ಅಡುಗೆಮನೆ ತುಂಬ ಹೊಗೆ. ಅಮ್ಮ ಕೈಯಾಡಿಸ್ತಾನೇ, ‘ತಾಳು, ಇನ್ನೂ ಘಮ ಬಂದಿಲ್ಲ’ ಅಂತಾಳೆ.”

“ಕನ್ನಡಕ ಹಾಕಿರಲಿಲ್ವೇನೋ.”

“ಕಣ್ಣಲ್ಲ ಅಕ್ಕ, ಮೂಗು. ಆ ಜ್ವರ ಬಂದು ಹೋದಮೇಲೆ ವಾಸನೇನೇ ತಿಳೀತಿಲ್ಲ ಅವಳಿಗೆ. ಬಾಯಿ ಬಿಟ್ಟು ಹೇಳಲ್ಲ ಅಷ್ಟೆ.”

“ಯಾರ ಮನೇಲಿ ಹಾಲು ಉಕ್ಕಿತು ಅಂತ ನಮ್ಮ ಬಾಗಿಲಲ್ಲೇ ನಿಂತು ಹೇಳೋಳು!”

“ಹೂಂ. ಇವತ್ತು ಬೆಳಿಗ್ಗೆ ಗ್ಯಾಸ್ ತಿರುಗಿಸಿದಾಳೆ, ಹತ್ತಿಸೋದು ಮರೆತಿದಾಳೆ. ಪಕ್ಕದಲ್ಲೇ ಕೂತು ಬೀಜ ಆರಿಸ್ತಿದ್ಲು. ನಾನು ಓಡಿಬಂದು ಆಫ್ ಮಾಡಿದೆ.”

“ಅಯ್ಯೋ, ಮಗೂನ ಅವಳ ಹತ್ರ ಬಿಟ್ಟು ಬಂದಿದೀನಲ್ಲೇ!”

“ಹೆದರಬೇಡ, ಆಗಲೇ ಸಿಲಿಂಡರ್ ಕೂಡ ಬಂದ್ ಮಾಡಿದೀನಿ.”

ಅಕ್ಕ ತಂಗಿಯ ತೋಳು ಹಿಡಿದುಕೊಂಡಳು.

“ಸಿಲಿಂಡರ್ ನಾನು ಮತ್ತೆ ತೆಗೆದೆ ಕಣೇ. ಮಗೂಗೆ ಹಾಲು ಕಾಯಿಸೋಕೆ. ಹಾಗೇ ಬಿಟ್ಟು ಬಂದೆ.”

“ನಾವು ಬರೋದ್ರೊಳಗೆ ಉಳಿದ ಬೀಜ ಹುರಿದಿಡ್ತೀನಿ ಅಂದಿದಾಳೆ ಅಕ್ಕ.”

“ಫೋನ್ ಮಾಡು!”

“ಮಾಡ್ತಿದೀನಿ. ರಿಂಗ್ ಆಗ್ತಾ ಇದೆ.”

“ಎತ್ತಿದ್ಲಾ?”

“ಇಲ್ಲ.”

ಅಂಗಡಿಯವನು ಎರಡನೆಯ ಪೊಟ್ಟಣ ಕಟ್ಟಿ ತಲೆಯೆತ್ತುವಷ್ಟರಲ್ಲಿ ಇಬ್ಬರೂ ಬೀದಿಯಲ್ಲಿ ಓಡುತ್ತಿದ್ದರು.